ಮುಟ್ಟದೆ ಬಿಟ್ಟ ಕೆನ್ನೆ

ನೀವು ಒಬ್ಬ ಹೆಂಗಸಿನ ಮುಖವನ್ನು ಆಕೆಯನ್ನು ಕೇಳದೆ ಬದಲಾಯಿಸಿದ್ದೀರಿ. ಬದಲಾಯಿಸಿದ್ದನ್ನು ಆಕೆಯದೇ ಮುಖವೆಂದು ಗೋಡೆಗೆ ತೂಗುಹಾಕಿದ್ದೀರಿ. ಅದರ ಕೆಳಗೆ ಆಕೆಯನ್ನೇ ಕೂರಿಸಿ, ಶಾಲು ಹೊದಿಸಿ, ಚಪ್ಪಾಳೆ ತಟ್ಟಿಸಿದ್ದೀರಿ. ಇದು ನನ್ನ ಆರೋಪ. ಅದನ್ನು ಮೊದಲೇ ಹೇಳಿಬಿಟ್ಟು, ಆ ಮುಖ ಕಾಗದದ ಮೇಲೆ ಹೇಗೆ ಬಂತು ಎಂಬುದನ್ನು ಬರೆಯುತ್ತೇನೆ. ಏನನ್ನು ಕೆಡಿಸಿದಿರಿ ಎನ್ನುವುದು ನಿಮಗೆ ಇನ್ನೂ ಅರ್ಥವಾಗಿಲ್ಲ ಎಂಬುದು ನಿಮ್ಮ ಮಾತಿನಿಂದಲೇ ನನಗೆ ತಿಳಿದಿದೆ.

‘ನೀವು’ ಎಂದರೆ ತಿರುವನಂತಪುರದ ನಮ್ಮ ಕನ್ನಡ ಕೂಟದ ಕಾರ್ಯಕಾರಿ ಸಮಿತಿ. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ವರ್ಗವಾಗಿ ಬಂದ ಕುಟುಂಬಗಳು ಸೇರಿ ಕಟ್ಟಿಕೊಂಡ ಕೂಟ ಅದು. ನನ್ನ ತಂದೆಯೂ ಅದರ ಸದಸ್ಯರು. ನಗರದ ಉಳ್ಳೂರಿನಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು, ಅಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ಏರ್ಪಾಡು ಮಾಡಲಾಗಿತ್ತು. ಕಲಿಸುತ್ತಿದ್ದವರು ಕಾಸರಗೋಡಿನ ಕಡೆಯ ಒಬ್ಬ ಗೃಹಿಣಿ. ಮಕ್ಕಳು ಅವರನ್ನು ಟೀಚರ್ ಎನ್ನುತ್ತಿದ್ದರು, ನಾನು ಅಕ್ಕ ಎನ್ನುತ್ತಿದ್ದೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಗೋಡೆ, ಒಂದು ಕರಿಬೇವಿನ ಗಿಡ.

ಅಕ್ಕನ ಪಾಠದಲ್ಲಿ ಗಲಾಟೆ ಹೆಚ್ಚು, ಗದರಿಕೆ ಇನ್ನೂ ಹೆಚ್ಚು. ಕನ್ನಡ ಕೇಳಿದರೆ ಅರ್ಥವಾಗುವ, ಉತ್ತರವನ್ನು ಮಾತ್ರ ಮಲಯಾಳದಲ್ಲೇ ಕೊಡುವ ಮಕ್ಕಳು ಅವರು. ಹಲಗೆಯ ಮೇಲೆ ಬರೆದ ಅಕ್ಷರವನ್ನು ತೋರಿಸಿ ಅಕ್ಕ ಕೇಳುತ್ತಿದ್ದರು, “ಇದು ಎಂತ?”

“ಅರಿಯಿಲ್ಲ ಟೀಚರ್.”

“ಅರಿಯಿಲ್ಲ ಅಂತ ಕನ್ನಡದಲ್ಲಿ ಹೇಳು. ಆಮೇಲೆ ಬೇಕಾದರೆ ಅರಿಯದೆ ಇರು.”

ಕಳೆದ ವರ್ಷ ಅಕ್ಕನ ಗಂಡನಿಗೆ ಅಹಮದಾಬಾದಿಗೆ ವರ್ಗವಾಗುವುದು ಖಚಿತವಾಯಿತು. ಕೂಟದ ನವೆಂಬರ್ ಕಾರ್ಯಕ್ರಮದಲ್ಲಿ ಅವರನ್ನು ಸನ್ಮಾನಿಸಬೇಕು, ಪಾಠದ ಕೋಣೆಯಲ್ಲಿ ಅವರ ಭಾವಚಿತ್ರ ತೂಗುಹಾಕಬೇಕು ಎಂದು ನೀವು ನಿರ್ಧರಿಸಿದಿರಿ. ಚಿತ್ರ ಬರೆಯಲು ನನ್ನನ್ನು ಕೇಳಿದಿರಿ. ನಾನು ಆಗ ಕೊಚ್ಚಿಯ ಕಳಮಶ್ಶೇರಿಯಲ್ಲಿ ಕಾನೂನು ಓದುತ್ತಿದ್ದೆ. ಸಂಜೆ ಅಲ್ಲೇ ಕಲೂರಿನ ಬಸ್ ನಿಲ್ದಾಣದ ಹತ್ತಿರ, ಒಂದು ಟೈಲರಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಚಿತ್ರಕಲೆಯ ತರಗತಿಗೆ ಹೋಗುತ್ತಿದ್ದೆ. ಇಂಥ ಕೆಲಸ ನನ್ನಿಂದಾದೀತೇ ಎಂಬ ಅನುಮಾನಕ್ಕಿಂತ, ಆಗುವುದಾದರೆ ಹೇಗಾದೀತು ಎಂಬ ಕುತೂಹಲವೇ ನನಗೆ ದೊಡ್ಡದಾಗಿತ್ತು. ಒಪ್ಪಿಕೊಂಡೆ.

ಅಕ್ಕ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಒಳಗೆ ಹೋಗಿ ತಮ್ಮ ಮದುವೆಯ ಫೋಟೋ ತಂದು ನನ್ನ ಮುಂದೆ ಇಟ್ಟರು. ಕಪ್ಪುಬಿಳುಪಿನ ಫೋಟೋ. ವರನ ಪಕ್ಕದಲ್ಲಿ ಹಾಲಿನಂಥ ಮುಖದ ಒಬ್ಬ ಹುಡುಗಿ ನಿಂತಿದ್ದಳು. ಕೈಗಳು ಕಪ್ಪು, ಮುಖ ಮಾತ್ರ ಬಿಳಿ. ಸ್ಟುಡಿಯೋದವನು ಟಚಿಂಗ್ ಮಾಡಿದ್ದ.

“ಇವಳು ಯಾರು ಗೊತ್ತುಂಟಾ ನಿಂಗೆ?” ಎಂದು ಅಕ್ಕ ಕೇಳಿದರು.

ನಾನು ನಕ್ಕೆ.

“ನಂಗೂ ಗೊತ್ತಿಲ್ಲ ಮಾರಾಯ್ತಿ. ಇಷ್ಟು ವರ್ಷ ನಮ್ಮ ಮನೆಯಲ್ಲೇ ಇದ್ದಾಳೆ, ಪರಿಚಯ ಆಗ್ಲಿಲ್ಲ. ನೋಡು, ನೀನು ಚಿತ್ರ ಬರಿ. ಆದ್ರೆ ನನ್ನನ್ನು ಬಿಳಿ ಮಾಡ್ಬಾರ್ದು. ಮಾಡೂದಿಲ್ಲ ಅಂತ ಮಾತು ಕೊಟ್ರೆ ಕೂತ್ಕೊಳ್ತೇನೆ.”

ಮಾತು ಕೊಟ್ಟೆ. ಚಿತ್ರಕ್ಕೆ ಇದ್ದದ್ದು ಆ ಒಂದೇ ಶರತ್ತು.

ಕೊಟ್ಟ ಮೇಲೆ ಯೋಚನೆ ಶುರುವಾಯಿತು. ಬಿಳಿ ಮಾಡಬಾರದು ಸರಿ, ಏನು ಮಾಡಬೇಕು? ಕಪ್ಪು ಮೈಬಣ್ಣವನ್ನು ಯಾವ ಬಣ್ಣದಿಂದ ಬರೆಯುತ್ತಾರೆ? ಶಾಲೆಯಲ್ಲಿ ಮೇಣದ ಕ್ರೆಯಾನ್ ಡಬ್ಬಿಯಲ್ಲಿ ‘ಮೈಬಣ್ಣ’ ಎಂದು ನಾವು ಕರೆಯುತ್ತಿದ್ದ ಒಂದು ಕಡ್ಡಿ ಇರುತ್ತಿತ್ತು. ಅದು ನಸುಗುಲಾಬಿ. ನಮ್ಮ ತರಗತಿಯಲ್ಲಿ ಆ ಬಣ್ಣದ ಮೈ ಯಾರಿಗೂ ಇರಲಿಲ್ಲ. ಆದರೂ ಗಾಂಧೀಜಿಯಿಂದ ಹಿಡಿದು ನಮ್ಮನಮ್ಮ ಅಜ್ಜಿಯರ ತನಕ ಎಲ್ಲರಿಗೂ ಅದನ್ನೇ ಬಳಿದಿದ್ದೆವು. ಯಾರೂ ಇದು ಯಾರ ಮೈ ಎಂದು ಕೇಳಿರಲಿಲ್ಲ.

ಕಲೂರಿನ ನನ್ನ ಗುರುಗಳನ್ನು ಎಲ್ಲರೂ ಮಾಷ್ ಎನ್ನುತ್ತಿದ್ದರು. ಮೇಷ್ಟ್ರು ಎನ್ನುವುದರ ಮಲಯಾಳ ರೂಪ ಅದು. ಚಿತ್ರಕಲಾ ಶಾಲೆಯಲ್ಲಿ ಓದಿ, ಅಲ್ಲೇ ಕಲಿಸಿ, ಜಗಳವಾಡಿ ಹೊರಗೆ ಬಂದವರು. ನಾನು ಪ್ರಶ್ನೆಯನ್ನು ಮುಂದಿಟ್ಟಾಗ ಅವರು ನನಗೇ ಒಂದು ಪ್ರಶ್ನೆ ಹಾಕಿದರು. ಅವರ ಮಲಯಾಳವನ್ನು ಕನ್ನಡಕ್ಕೆ ತಿರುಗಿಸಿ, ಮಗಳೇ ಎನ್ನುವ ‘ಮೋಳೇ’ಯನ್ನು ಮಾತ್ರ ಹಾಗೆಯೇ ಉಳಿಸಿ ಬರೆಯುತ್ತಿದ್ದೇನೆ.

“ಮೋಳೇ, ಆ ಟೀಚರ್ ಬಣ್ಣಕ್ಕೆ ನಿಮ್ಮ ಭಾಷೆಯಲ್ಲಿ ಏನು ಹೇಳುತ್ತಾರೆ?”

“ಕಪ್ಪು.”

“ಈ ಹಲಗೆ ಥರ ಕಪ್ಪಾ?”

“ಅಷ್ಟಲ್ಲ. ಎಣ್ಣೆಗಪ್ಪು ಅಂತಾರೆ. ಸಾದಗಪ್ಪು ಅಂತಲೂ ಹೇಳ್ತಾರೆ.”

“ಎಲ್ಲದರಲ್ಲೂ ಕಪ್ಪು ಇದೆಯಲ್ಲ. ನಾವು ಇರುನಿರಂ ಅನ್ನುತ್ತೇವೆ.” ಎದ್ದುಹೋಗಿ ಗೋಡೆಗೆ ಒರಗಿಸಿದ್ದ ಕಾಗದಗಳ ನಡುವಿನಿಂದ ಒಂದು ದೊಡ್ಡ ಹಾಳೆಯನ್ನು ಎಳೆದರು. ಚೌಕಟ್ಟು ಹಾಕುವ ಅಂಗಡಿಯಲ್ಲಿ ಚಿತ್ರದ ಸುತ್ತ ಇಡುವ ಮೌಂಟ್ ಕಾಗದ ಅದು. ಒರಟು ಮೈ, ಬೂದಿ ಬೆರೆತ ಕಂದು ಬಣ್ಣ. “ಇದೇ ಇರುನಿರಂ. ಅಂಗಡಿಯಲ್ಲೇ ಸಿಗುತ್ತದೆ. ನೀನು ಬರೆಯುವುದೇನೂ ಬೇಡ.”

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆ ಶಬ್ದ ಮಾತ್ರ ತಲೆಯಲ್ಲಿ ಉಳಿಯಿತು. ನಿರಂ ಎಂದರೆ ಬಣ್ಣ. ಇರು ಎಂದರೆ? ನಮ್ಮ ‘ಇರ್ವರು’, ‘ಇಮ್ಮಡಿ’ಗಳಲ್ಲಿರುವ ಎರಡೇ? ಹಾಗಾದರೆ ಅದು ಎರಡು ಬಣ್ಣ. ಕಪ್ಪೂ ಬಿಳಿಯೂ ಸಂಧಿಸುವ ಬಣ್ಣ. ಅಥವಾ ‘ಇರುಳು’ ಎಂಬುದರಲ್ಲಿರುವ ಕತ್ತಲೆಯೇ? ಮಾಷ್ ಅವರನ್ನು ಕೇಳಿದೆ. “ನಾನು ಬಣ್ಣದ ಮಾಷ್, ಶಬ್ದದ ಮಾಷ್ ಅಲ್ಲ” ಎಂದರು. ನನಗೆ ಈಗಲೂ ಖಚಿತವಿಲ್ಲ. ಆದರೆ ಮೈಬಣ್ಣವನ್ನು ‘ಇಷ್ಟು ಕಪ್ಪು, ಅಷ್ಟು ಕಪ್ಪು’ ಎಂದು ಅಳೆಯದೆ ಅದಕ್ಕೇ ಒಂದು ಹೆಸರಿಟ್ಟ ಶಬ್ದವೊಂದು ಪಕ್ಕದ ಭಾಷೆಯಲ್ಲಿದೆ, ಅದು ದಿನವೂ ಬಸ್ಸಿನಲ್ಲಿ, ಅಂಗಡಿಯಲ್ಲಿ ನನ್ನ ಕಿವಿಗೆ ಬೀಳುತ್ತಿದ್ದರೂ ನಾನು ನಿಂತು ಕೇಳಿರಲಿಲ್ಲ ಎಂಬುದು ನನ್ನನ್ನು ಕಾಡಿತು.

ಮಾಷ್ ಕೊಟ್ಟ ಕ್ರೆಯಾನ್‌ಗಳು ಮಕ್ಕಳ ಮೇಣದ ಕಡ್ಡಿಗಳಲ್ಲ. ಜೇಡಿಮಣ್ಣಿಗೆ ಬಣ್ಣದ ಪುಡಿ ಕಲಸಿ ಒತ್ತಿ ಮಾಡಿದ ಚೌಕನೆಯ ಗಟ್ಟಿ ಕಡ್ಡಿಗಳು. ಬೆರಳಿಗೆ ಅಂಟುತ್ತವೆ, ಜೋರಾಗಿ ಒತ್ತಿದರೆ ಕೀರಲು ದನಿ ಮಾಡುತ್ತವೆ. ಕೆಮ್ಮಣ್ಣಿನಂಥ ಕಾವಿ, ಸುಟ್ಟ ಕಂದು, ಕಪ್ಪು, ಬಿಳಿ. ಅಷ್ಟೇ. ಬಿಳಿಯನ್ನು ಅವರು ನನ್ನ ಕೈಗೆ ಕೊಡಲಿಲ್ಲ. ಯಾರ ಕೈಗೂ ಕೊಡುತ್ತಿರಲಿಲ್ಲ. ತರಗತಿಯ ಎಲ್ಲರ ಬಿಳಿ ಕಡ್ಡಿಗಳೂ ಅವರ ಅಂಗಿಯ ಜೇಬಿನಲ್ಲಿ ಇರುತ್ತಿದ್ದವು. ಆ ಜೇಬಿನ ಸುತ್ತ ಸದಾ ಸುಣ್ಣ ಬಡಿದಂತೆ ಕಾಣುತ್ತಿತ್ತು. “ಹೊಸಬರ ಕೈಗೆ ಬಿಳಿ ಸಿಕ್ಕರೆ ಮುಖವನ್ನು ಗೋಡೆ ಮಾಡುತ್ತಾರೆ” ಎನ್ನುತ್ತಿದ್ದರು.

ಹೀಗೆ ಬಿಳಿಯಿಲ್ಲದ ಡಬ್ಬಿಯನ್ನೂ ಕಂದು ಹಾಳೆಯನ್ನೂ ಹಿಡಿದು ನಾನು ಎರ್ನಾಕುಳಂನಿಂದ ತಿರುವನಂತಪುರದ ರೈಲು ಹತ್ತಿದೆ. ಮುಂದಿನ ಭಾನುವಾರ ಪಾಠ ಮುಗಿದ ಮೇಲೆ ಅಕ್ಕ ತಮ್ಮ ಮನೆಯ ಜಗುಲಿಯಲ್ಲಿ, ಗ್ರಿಲ್‌ನ ಎಡಗಡೆಯಿಂದ ಬೆಳಕು ಬೀಳುವಲ್ಲಿ ಕುಳಿತರು.

“ಅಲ್ಲಾಡ್ಬೇಡಿ ಅಕ್ಕಾ.”

“ಅಲ್ಲಾಡೂದಿಲ್ಲ. ಮಾತಾಡ್ಬೇಡ ಅಂತ ಮಾತ್ರ ಹೇಳ್ಬೇಡ. ಬಾಯಿ ಮುಚ್ಚಿ ಕೂತ್ರೆ ಅದು ಬೇರೆ ಯಾರದ್ದೋ ಮುಖ ಆಗ್ತದೆ.”

ಮೊದಲ ಹಂತ ಕಾವಿಯದು. ಕಡ್ಡಿಯನ್ನು ಅಡ್ಡ ಮಲಗಿಸಿ ಹಗುರವಾಗಿ ಎಳೆದು ತಲೆಯ ಗಾತ್ರ, ಕತ್ತಿನ ವಾಲು, ಭುಜದ ಇಳಿಜಾರನ್ನು ಹಿಡಿಯಬೇಕು. ಕಣ್ಣು, ಮೂಗು, ಬಾಯಿ ಇನ್ನೂ ಬರುವಂತಿಲ್ಲ. ಕಣ್ಣು ಅರೆಮುಚ್ಚಿ ನೋಡಿದರೆ ಮುಖದ ವಿವರಗಳೆಲ್ಲ ಕರಗಿ ಕೆಲವೇ ದೊಡ್ಡ ನೆರಳುಗಳು ಉಳಿಯುತ್ತವೆ. ಹಾಗೆ ನೋಡುವುದನ್ನು ಕಲಿತ ಮೇಲೆ ನನಗೆ ಒಂದು ವಿಚಿತ್ರ ತಿಳಿಯಿತು: ಕರಿಬೇವಿನ ಗಿಡದಾಚೆ ದಿನವೂ ನೋಡುತ್ತಿದ್ದ ಅಕ್ಕನ ತಲೆ ಯಾವಾಗಲೂ ಸ್ವಲ್ಪ ಬಲಕ್ಕೆ ವಾಲಿರುತ್ತದೆ, ಯಾರದೋ ಉತ್ತರಕ್ಕೆ ಕಿವಿಗೊಟ್ಟ ಹಾಗೆ. ಅಷ್ಟು ವರ್ಷ ನನಗೆ ಅದು ಕಂಡಿರಲಿಲ್ಲ. ನಾವು ಪರಿಚಿತರ ಮುಖವನ್ನು ನಿಜವಾಗಿ ನೋಡುವುದು ಯಾವಾಗ? ಪರಿಚಯ ಆಗುವ ಮೊದಲ ದಿನ ಮಾತ್ರವೇ?

ಡಬ್ಬಿಯೊಳಗೆ ಇಣುಕಿದ ಅಕ್ಕ ಕೇಳಿದರು, “ಬಿಳಿ ಎಲ್ಲಿ?”

“ಮಾಷ್ ಹತ್ರ ಇದೆ. ಕೊನೆಗೆ ಕೊಡ್ತಾರಂತೆ.”

“ಒಳ್ಳೇದಾಯ್ತು. ಅಲ್ಲೇ ಇರ್ಲಿ.”

ಪತ್ರಿಕೆ ಹಿಡಿದು ಆಚೀಚೆ ಓಡಾಡುತ್ತಿದ್ದ ಅಕ್ಕನ ಗಂಡ ನನ್ನ ಹಿಂದೆ ಬಂದು ಹಾಳೆ ನೋಡುತ್ತ ನಿಂತರು. ಪೂರ್ತಿ ಬೋಳಾಗಿ ಹೊಳೆಯುವ ತಲೆಯವರು. “ನನ್ನದನ್ನೂ ಒಂದು ಬರಿಯಮ್ಮ” ಎಂದರು.

“ನಿಮ್ಮದಕ್ಕೆ ಬಿಳಿ ಕಡ್ಡಿ ಜಾಸ್ತಿ ಬೇಕಾಗ್ತದೆ, ಅವಳ ಮಾಷ್ ಕೊಡೂದಿಲ್ಲ” ಎಂದು ಅಕ್ಕ ತಲೆ ಅಲ್ಲಾಡಿಸದೆಯೇ ಉತ್ತರ ಕೊಟ್ಟರು.

ಕ್ರೆಯಾನ್ ಚಿತ್ರವನ್ನು ಸುರುಳಿ ಸುತ್ತುವಂತಿಲ್ಲ, ಪುಡಿ ಉದುರುತ್ತದೆ. ಎರಡು ರಟ್ಟುಗಳ ನಡುವೆ ಇಟ್ಟು, ಮೇಲೆ ಬಟರ್ ಪೇಪರ್ ಮುಚ್ಚಿ, ರೈಲಿನಲ್ಲಿ ತೊಡೆಯ ಮೇಲೆ ಅಡ್ಡ ಹಿಡಿದುಕೊಂಡು ಕೊಚ್ಚಿಗೆ ಒಯ್ಯುತ್ತಿದ್ದೆ. ಮಾಷ್ ನೋಡಿ ಏನಾದರೂ ಹೇಳುತ್ತಿದ್ದರು. ಮತ್ತೆ ರಜೆ ಸಿಕ್ಕಾಗ ತಿರುವನಂತಪುರಕ್ಕೆ ತರುತ್ತಿದ್ದೆ. ಹೀಗೆ ಆ ಮುಖ ಎರಡು ಊರುಗಳ ನಡುವೆ ಓಡಾಡುತ್ತಲೇ ಬೆಳೆಯಿತು. ಒಂದು ಸಲ ಎದುರಿನ ಸೀಟಿನ ಹೆಂಗಸು ರಟ್ಟು ನೋಡಿ ಎಕ್ಸ್‌ರೇಯೋ ಎಂದು ಕೇಳಿದರು. ನಾವು ಇಳಿಯುವುದು ದೊಡ್ಡಾಸ್ಪತ್ರೆಯಿರುವ ಊರು. ಅವರ ಊಹೆ ತಪ್ಪೇನಲ್ಲ.

ಎರಡನೆಯ ಹಂತ ಕತ್ತಲೆಯದು. ಸುಟ್ಟ ಕಂದು ಮತ್ತು ಕಪ್ಪಿನಿಂದ ಕೂದಲು, ಕಣ್ಣಿನ ಗೂಡು, ಮೂಗಿನ ಕೆಳಗಿನ ನೆರಳು, ದವಡೆಯ ಅಡಿ ಇವನ್ನು ಕಟ್ಟಬೇಕು. ಇಲ್ಲಿಯೇ ನಾನು ಇಡೀ ಕೆಲಸದ ಅತಿ ದೊಡ್ಡ ಅಚ್ಚರಿಯನ್ನು ಕಂಡದ್ದು. ಅಕ್ಕನ ಕೂದಲಿಗೆ ಕಪ್ಪು ಹಾಕಿದೆ, ಕಿವಿಯ ಹಿಂದೆ ನೆರಳು ಹಾಕಿದೆ. ಕೆನ್ನೆಯನ್ನು ಮುಟ್ಟಲೇ ಇಲ್ಲ. ಆದರೂ ಕೆನ್ನೆ ಬೆಳಗತೊಡಗಿತು. ಅದುವರೆಗೆ ಬರೀ ಕಾಗದವಾಗಿದ್ದ ಜಾಗ, ಪಕ್ಕದಲ್ಲಿ ಕತ್ತಲು ಬಂದು ಕೂತ ಕೂಡಲೇ, ಉಬ್ಬಿಕೊಂಡು, ಒಳಗೆ ರಕ್ತ ಇರುವ ಚರ್ಮವಾಯಿತು. ನಾನು ನಂಬದೆ ಬೆರಳಿನಿಂದ ಮುಟ್ಟಿ ನೋಡಿದೆ. ಬೆರಳಿಗೆ ಏನೂ ಅಂಟಲಿಲ್ಲ. ಅಲ್ಲಿ ಏನೂ ಇರಲಿಲ್ಲ.

ಮಾಷ್ ಹೇಳಿದ ‘ನೀನು ಬರೆಯುವುದೇನೂ ಬೇಡ’ ಎಂಬ ಮಾತು ತಮಾಷೆಯಲ್ಲ ಎಂದು ಆಗ ಗೊತ್ತಾಯಿತು. ಬಿಳಿ ಹಾಳೆಯ ಮೇಲೆ ಬರೆಯುವವನು ಬಿಳಿಯಿಂದ ಹೊರಡುತ್ತಾನೆ. ಪ್ರತಿಯೊಂದು ಗೆರೆಯೂ ಅದನ್ನು ಅಷ್ಟಷ್ಟು ಕಪ್ಪು ಮಾಡುತ್ತ ಹೋಗುತ್ತದೆ, ಕಪ್ಪು ಮುಖ ಬರೆಯುವುದೆಂದರೆ ಹಾಳೆಯನ್ನು ಹೆಚ್ಚು ಹೆಚ್ಚು ಕೊಳೆ ಮಾಡಿದಂತೆ. ಕಂದು ಹಾಳೆಯ ಮೇಲೆ ಬರೆಯುವವನು ನಡುವಿನಿಂದ ಹೊರಡುತ್ತಾನೆ. ಕತ್ತಲಿಗೂ ಬೆಳಕಿಗೂ ಅಲ್ಲಿಂದ ಒಂದೇ ದೂರ. ಅಕ್ಕನ ಮೈಬಣ್ಣ ಅಲ್ಲಿ ಯಾವುದರ ಕೊರತೆಯೂ ಅಲ್ಲ, ಅದು ನೆಲ. ಉಳಿದ ಬಣ್ಣಗಳು ಅದರ ಮೇಲೆ ನಿಲ್ಲುತ್ತವೆ. ಇದನ್ನು ಕಂಡುಕೊಂಡ ಸಂಜೆ ನಾನು ಊಟಕ್ಕೆ ಕರೆದರೂ ಏಳದೆ ಆ ಕೆನ್ನೆಯನ್ನೇ ನೋಡುತ್ತ ಕೂತಿದ್ದೆ. ಅಮ್ಮ ಬಂದು ನೋಡಿ, “ಅರ್ಧ ಆಗಿದೆ ಅಲ್ವಾ? ಬಣ್ಣ ಯಾವಾಗ ಹಾಕ್ತೀಯ?” ಎಂದರು. ಅಮ್ಮನನ್ನು ಕೂರಿಸಿ ವಿವರಿಸಿದೆ. ಹಾಳೆಯನ್ನು ಹತ್ತಿರದಿಂದ, ದೂರದಿಂದ ನೋಡಿ, “ಅರೆ, ಹೌದು ಕಣೇ” ಎಂದರು. ಸಮಿತಿಯವರೇ, ವಿವರಿಸಿದರೆ ಅರ್ಥವಾಗುವ ವಿಷಯ ಇದು. ನೀವು ಕೇಳಿದ್ದರೆ ನಿಮಗೂ ಹೇಳುತ್ತಿದ್ದೆ.

ಮೂರನೆಯ ಹಂತಕ್ಕೆ ಮಾಷ್ ಜೇಬಿನಿಂದ ಬಿಳಿ ಕಡ್ಡಿ ತೆಗೆದು, ಮುರಿದು, ಉಗುರಿನಷ್ಟು ತುಂಡನ್ನು ನನ್ನ ಅಂಗೈಗೆ ಹಾಕಿದರು. “ಇಷ್ಟು ಸಾಕಾಗುತ್ತದಾ ಮಾಷ್?” ಎಂದೆ.

“ಉಳಿದದ್ದನ್ನು ವಾಪಸು ತಾ” ಎಂದರು. “ಮೊದಲು ಮುಖದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಒಂದು ಜಾಗ ಹುಡುಕು. ಅದು ಸಿಗುವವರೆಗೆ ಕೈ ಕಟ್ಟಿಕೊಂಡು ಕೂತಿರು.”

ನಾನು ಹಣೆ ಎಂದುಕೊಂಡಿದ್ದೆ. ಹಣೆಯಲ್ಲ. ಮೂಗುಬೊಟ್ಟೂ ಅಲ್ಲ, ಅದರ ಕಲ್ಲು ಹಳೆಯದಾಗಿ ಮಂಕಾಗಿತ್ತು. ಅಕ್ಕ ಯಾವುದೋ ಮಗು ‘ಳ’ವನ್ನು ತಿರುವಿ ಬರೆದ ಕತೆ ಹೇಳಿ ನಕ್ಕರು. ನಗುವಾಗ ಕೆಳರೆಪ್ಪೆಯ ಅಂಚಿನಲ್ಲಿ ಒಂದು ತೇವದ ಗೆರೆ ಮಿನುಗಿತು. ಅದೇ. ಅಲ್ಲಿ ಒಂದು ಚುಕ್ಕೆ ಇಟ್ಟೆ, ಅಷ್ಟಕ್ಕೇ ಮುಖ ನನ್ನ ಕಡೆ ತಿರುಗಿ ನೋಡಿತು. ಆಮೇಲೆ ಮೂಗಿನ ಏಣಿನ ಮೇಲೆ ಒಂದು ಎಳೆ, ಕೆಳತುಟಿಯ ನಡುವೆ ಸ್ವಲ್ಪ, ಬೈತಲೆಯ ಪಕ್ಕದ ನರೆಗೂದಲಿಗೆ ಎರಡು ಗೀರು, ಹಣೆಯ ಅಂಚಿಗೆ ಸವರಿದಂತೆ ಒಂದಿಷ್ಟು. ಮುಗಿಯಿತು. ತುಂಡಿನಲ್ಲಿ ಹೆಚ್ಚಿನ ಪಾಲು ಹಾಗೆಯೇ ಉಳಿಯಿತು.

ಅಕ್ಕ ಕನ್ನಡಕ ತಂದು ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕಣ್ಣಿನ ಕೆಳಗಿನ ಕಪ್ಪನ್ನು, ಮೇಲ್ತುಟಿಯ ಮೇಲಿನ ನಸುನೆರಳನ್ನು, ಸ್ವಲ್ಪ ಮೇಲೆದ್ದ ಎಡಹುಬ್ಬನ್ನು ಒಂದೊಂದಾಗಿ ಪರೀಕ್ಷಿಸಿದರು.

“ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಬರ್ತದಲ್ಲ, ಅದೇ ಹೆಂಗಸು” ಎಂದರು. “ಸ್ವಲ್ಪ ಸಿಟ್ಟು ಉಂಟು ಇದರಲ್ಲಿ. ಇರ್ಲಿ, ಹೊಸ ಮಕ್ಕಳು ಹೆದರ್ಲಿ.”

ಚಿತ್ರವನ್ನು ನಿಮ್ಮ ಕಾರ್ಯದರ್ಶಿಯವರ ಮನೆಗೆ ನಾನೇ ಒಯ್ದು ಕೊಟ್ಟೆ. ಗಾಜು ಹಾಕಿಸಿ, ಪುಡಿ ಉದುರದಂತೆ ಗಾಜಿಗೂ ಕಾಗದಕ್ಕೂ ನಡುವೆ ಅಂತರ ಇರಲಿ, ಮತ್ತೇನೂ ಮಾಡುವುದು ಬೇಡ ಎಂದು ಹೇಳಿದೆ. ಅವರು ತಲೆಯಾಡಿಸಿ ನನಗೆ ಕಾಫಿ ಕೊಡಿಸಿದರು. ಪಕ್ಕದಲ್ಲಿದ್ದ ಇನ್ನೊಬ್ಬ ಸದಸ್ಯರು ಚಿತ್ರ ನೋಡಿ, “ಆಕೆ ಕಪ್ಪಗಿದ್ದರೂ ಲಕ್ಷಣವಾಗಿದ್ದಾರೆ ಅಲ್ವಾ?” ಎಂದರು. ಆ ‘ರೂ’ ನನ್ನ ಕಿವಿಗೆ ಬಿತ್ತು. ಒಂದೇ ಒಂದು ಪ್ರತ್ಯಯ. ಅದರೊಳಗೆ ಕಪ್ಪಗಿರುವವರೆಲ್ಲ ಮೊದಲು ಕ್ಷಮೆ ಕೇಳಿ ಆಮೇಲೆ ಚೆಂದವಾಗಿರಬೇಕು ಎಂಬ ಕಟ್ಟಳೆಯೇ ಅಡಗಿದೆ. ಕಾಲೇಜಿನಲ್ಲಿ ಶಾಸನಗಳ ಒಂದೊಂದು ಪದವನ್ನೂ ಹಿಂಜಿ ನೋಡಲು ಕಲಿಸುತ್ತಾರೆ. ನಮ್ಮ ಮನೆಯ ಮಾತುಗಳನ್ನು ಹಾಗೆ ಹಿಂಜುವವರು ಯಾರು?

ಕಾರ್ಯಕ್ರಮದ ದಿನ ಪರದೆ ಸರಿಸಿದಾಗ ಗಾಜಿನ ಹಿಂದೆ ಒಬ್ಬ ನಸುಗುಲಾಬಿ ಹೆಂಗಸು ಇದ್ದಳು.

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಗೆರೆಗಳು ನನ್ನವೇ. ನಾನು ಮುಟ್ಟದೆ ಬಿಟ್ಟ ಜಾಗಗಳಿಗೆಲ್ಲ ಬಿಳಿ ಮತ್ತು ಗುಲಾಬಿ ಪುಡಿಯನ್ನು ಒತ್ತಿ ಒತ್ತಿ ತುಂಬಿ, ಬೆರಳಿನಿಂದ ನಯವಾಗಿ ತೀಡಲಾಗಿತ್ತು. ಕೆನ್ನೆ, ಹಣೆ, ಕತ್ತು ಎಲ್ಲವೂ ಒಂದೇ ಸಮ. ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು, ತುಟಿ ಕೆಂಪಾಗಿತ್ತು. ಸುತ್ತಲೂ ಬಿಳಿ ಇದ್ದುದರಿಂದ ಕೆಳರೆಪ್ಪೆಯ ಆ ಚುಕ್ಕೆ ಕಾಣದಂತೆ ಮುಳುಗಿಹೋಗಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಪಾಠದ ಮಕ್ಕಳಲ್ಲಿ ಒಬ್ಬಳು ಇನ್ನೊಬ್ಬಳನ್ನು ಮಲಯಾಳದಲ್ಲಿ ಕೇಳಿದಳು, “ಇದಾರಾ?” ಯಾರಿದು ಎಂದು. ಇನ್ನೊಬ್ಬಳು ಚಿತ್ರವನ್ನೂ ಅಕ್ಕನನ್ನೂ ನೋಡಿ, “ಟೀಚರಲ್ಲಲ್ಲೋ” ಎಂದಳು. ಟೀಚರ್ ಅಲ್ಲವಲ್ಲ. ಆ ಸಭೆಯಲ್ಲಿ ಯಾರೂ ಆ ಇಬ್ಬರು ಮಕ್ಕಳಷ್ಟು ಸರಿಯಾಗಿ ಮಾತಾಡಲಿಲ್ಲ.

ಅಕ್ಕ ಶಾಲು, ಹಣ್ಣಿನ ಬುಟ್ಟಿ ತೆಗೆದುಕೊಂಡು ಎಲ್ಲರಿಗೂ ಕೈಮುಗಿದರು. ಮೆಟ್ಟಿಲ ಬಳಿ ನಾನು ಎದುರಾದಾಗ ನಿಂತರು.

“ಮಾತು ಕೊಟ್ಟಿದ್ದೆಯಲ್ಲ ನೀನು?”

“ಅಕ್ಕಾ, ನಾನು ಮಾಡಿದ್ದಲ್ಲ.”

“ನೀನಲ್ಲದಿದ್ರೆ ಯಾರು?”

“ಗೊತ್ತಿಲ್ಲ.”

ಅವರು ನನ್ನ ಮುಖವನ್ನು ನೋಡಿದರು. ನಾನು ಅವರ ಮುಖವನ್ನು ನೋಡಲು ಕಲಿತಿದ್ದ ರೀತಿಯಲ್ಲಿ, ನಿಧಾನವಾಗಿ. ನಂಬಿದರೋ ಇಲ್ಲವೋ ಹೇಳಲಾರೆ. “ಹಾಗಾದ್ರೆ ಕೇಳು ಅವರನ್ನು” ಎಂದರು. “ನಾನು ಹೋದ ಮೇಲೆ ಹೊಸ ಮಕ್ಕಳು ಬರ್ತಾರೆ. ಅವರಿಗೆ ಟೀಚರ್ ಅಂದ್ರೆ ಆ ಗೋಡೆಯಲ್ಲಿ ಇರುವವಳೇ. ನಾನು ಬಂದು ಎದುರಿಗೆ ನಿಂತರೂ ನಾನಲ್ಲ.”

ಕೇಳಿದೆ. ಮೊದಲು ನಿಮ್ಮ ಕಾರ್ಯದರ್ಶಿಯವರನ್ನು.

“ಅಯ್ಯೋ, ಅದಕ್ಯಾಕಮ್ಮ ಇಷ್ಟು ಸಿಟ್ಟು? ನೀನು ಅರ್ಧಕ್ಕೆ ಬಿಟ್ಟಿದ್ದೆ, ಕಾಗದ ಕಾಣಿಸ್ತಿತ್ತು. ಸಮಿತಿಯೋರು ನೋಡಿ, ಪೂರ್ತಿ ಮಾಡಿಸಿ ಅಂದ್ರು.”

“ಯಾರು ಅಂದಿದ್ದು ಅಂಕಲ್?”

“ಎಲ್ರೂ. ಸ್ವಲ್ಪ ಲಕ್ಷಣವಾಗಿ ಕಾಣಲಿ ಅಂತ ಒಳ್ಳೆ ಮನಸ್ಸಿಂದಲೇ ಮಾಡಿಸಿದ್ದು. ನಿಮ್ಮಪ್ಪನಿಗೆ ನಾನು ಎಷ್ಟು ಬೇಕಾದವನು ಅಂತ ಗೊತ್ತಲ್ಲ ನಿಂಗೆ.”

ಆಮೇಲೆ ಚೌಕಟ್ಟು ಹಾಕಿದ ಫೋಟೋ ಸ್ಟುಡಿಯೋದವರನ್ನು. ಅವರು ಮುಚ್ಚಿಡಲಿಲ್ಲ. “ಕುರಚ್ಚು ವೆಳುಪ್ಪಿಕ್ಕಾನ್ ಪರಞ್ಞು” ಎಂದರು. ಸ್ವಲ್ಪ ಬೆಳ್ಳಗೆ ಮಾಡಲು ಹೇಳಿದರು ಎಂದು. ಯಾರು ಹೇಳಿದರು ಎಂದಾಗ, “ಸಾರ್” ಎಂದರು. ನಮ್ಮ ಕೂಟದಲ್ಲಿ ಸಾರ್ ಅಲ್ಲದವರು ಯಾರೂ ಇಲ್ಲ. ಹೇಳಿದ ಕೆಲಸ ಮಾಡಿದ ಅವರ ಮೇಲೆ ನನಗೆ ದೂರಿಲ್ಲ.

ಕೊನೆಗೆ ಮಾಸಿಕ ಸಭೆಯಲ್ಲಿ ಎದ್ದುನಿಂತು ಕೇಳಿದೆ. ಅಧ್ಯಕ್ಷರು ಕೊಟ್ಟ ಉತ್ತರ ಒಂದೇ ವಾಕ್ಯ: “ಚಿತ್ರವನ್ನು ಸ್ವಲ್ಪ ತಿದ್ದಿಸಲಾಯಿತು.” ಈ ವಾಕ್ಯಕ್ಕೆ ಕರ್ತೃ ಇಲ್ಲ. ತಿದ್ದಿಸಿದವರು ಯಾರು, ಯಾರನ್ನು ಕೇಳಿ, ಯಾವ ಅಧಿಕಾರದಿಂದ ಎಂಬ ಮೂರೂ ಪ್ರಶ್ನೆಗಳನ್ನು ಆ ‘ಲಾಯಿತು’ ನುಂಗಿಕೊಂಡಿತು. ಆಮೇಲೆ ಕಾರ್ಯಸೂಚಿಯಲ್ಲಿದ್ದ ಪ್ರವಾಸದ ವಿಷಯಕ್ಕೆ ಹೋದಿರಿ. ಹಿಂದಿನ ಸಾಲಿನಿಂದ ಯಾರೋ “ಲಾಯರಮ್ಮ, ಕೂತ್ಕೋಮ್ಮ” ಎಂದರು; ಕೆಲವರು ನಕ್ಕರು.

ಲಕ್ಷಣ ಎಂಬ ಶಬ್ದವನ್ನು ನೀವು ಪದೇಪದೇ ಬಳಸುತ್ತೀರಿ. ಆ ಶಬ್ದಕ್ಕೆ ಚೆಲುವು ಎಂಬುದಕ್ಕಿಂತ ಮೊದಲಿನ ಅರ್ಥ ಗುರುತು. ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವುದು. ಮೇಲೆದ್ದ ಹುಬ್ಬು, ಕಣ್ಣಿನ ಕೆಳಗಿನ ಕಪ್ಪು, ಆ ಮೈಬಣ್ಣ ಇವೇ ಅಕ್ಕನ ಲಕ್ಷಣಗಳಾಗಿದ್ದವು. ನೀವು ಲಕ್ಷಣವಾಗಿ ಮಾಡಿಸಲು ಹೋಗಿ ಅವನ್ನೇ ಅಳಿಸಿದಿರಿ. ನಿಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರಿಗೆ ನೀವು ಕೊಟ್ಟ ಉಡುಗೊರೆ ಇದು: ನೀವು ಇರುವ ಹಾಗೆ ನಮ್ಮ ಗೋಡೆಯ ಮೇಲೆ ಇರುವಂತಿಲ್ಲ ಎಂಬ ಸೂಚನೆ. ನಿಮ್ಮಲ್ಲಿ ಹೆಚ್ಚಿನವರ ಮನೆಗಳಲ್ಲಿ ಅಕ್ಕನದೇ ಬಣ್ಣದ ಹೆಣ್ಣುಮಕ್ಕಳಿದ್ದಾರೆ. ಅವರೂ ಆ ದಿನ ಮುಂದಿನ ಸಾಲುಗಳಲ್ಲಿ ಕೂತಿದ್ದರು, ನೋಡುತ್ತಿದ್ದರು.

ಹಾಳೆಯನ್ನು ಮಾಷ್ ಅವರಿಗೆ ತೋರಿಸಲು ಆಗಲಿಲ್ಲ. ಅದು ನಿಮ್ಮ ವಶದಲ್ಲಿದೆ. ಬಾಯಿಮಾತಿನಲ್ಲಿ ವಿವರಿಸಿದೆ. ಮೇಲೆ ಬಿದ್ದ ಪುಡಿಯನ್ನು ನಾದಿದ ಹಿಟ್ಟಿನಿಂದ ಒತ್ತಿ ಒತ್ತಿ ಸ್ವಲ್ಪ ಎತ್ತಬಹುದು, ಆದರೆ ಒರಟು ಕಾಗದದ ಕುಳಿಗಳಿಗೆ ಇಳಿದ ಬಿಳಿ ಪೂರ್ತಿ ಬರುವುದಿಲ್ಲ ಎಂದರು. ಎಷ್ಟು ಬರುತ್ತದೆ, ಎಷ್ಟು ಉಳಿಯುತ್ತದೆ ಎಂದು ಮಾಡಿ ನೋಡುವ ಆಸೆ ನನಗಿದೆ. ಅಕ್ಕನಿಗೂ ಅದನ್ನು ಹೇಳಿದೆ. “ಮೊದಲು ಅದನ್ನು ಕೆಳಗೆ ಇಳಿಸ್ಲಿ” ಎಂದರು. ಅವರ ಮನೆಯಲ್ಲಿ ಸಾಮಾನು ಕಟ್ಟುವ ಕೆಲಸ ಶುರುವಾಗಿದೆ. ಪಾಠದ ಕೋಣೆಗೆ ಅವರು ಮತ್ತೆ ಕಾಲಿಟ್ಟಿಲ್ಲ. ಉಳಿದ ಭಾನುವಾರಗಳಲ್ಲಿ ಮಕ್ಕಳನ್ನು ತಮ್ಮ ಜಗುಲಿಗೇ ಕರೆಸಿಕೊಂಡು ಪಾಠ ಹೇಳುತ್ತಿದ್ದಾರೆ.

ಆದ್ದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ವಿಧ್ಯುಕ್ತ ಕೋರಿಕೆ ಹೀಗಿದೆ. ಅಕ್ಕ ತಿರುವನಂತಪುರವನ್ನು ಬಿಡುವ ಮೊದಲು ಆ ಚಿತ್ರವನ್ನು ಗೋಡೆಯಿಂದ ಇಳಿಸಿ, ಗಾಜು ತೆಗೆದು, ಹಾಳೆಯನ್ನು ಇರುವ ಸ್ಥಿತಿಯಲ್ಲೇ ನನಗೆ ಹಿಂದಿರುಗಿಸಬೇಕು. ಅದನ್ನು ಬೆಳ್ಳಗೆ ಮಾಡಿಸಲು ಹೇಳಿದವರು ಯಾರು ಎಂಬುದನ್ನು, ಕರ್ತೃ ಇರುವ ಒಂದು ವಾಕ್ಯದಲ್ಲಿ, ಆ ವ್ಯಕ್ತಿಯೇ ಆಕೆಯ ಮನೆಗೆ ಹೋಗಿ ಆಕೆಗೆ ತಿಳಿಸಬೇಕು. ಮಕ್ಕಳು ಜಗುಲಿಯಲ್ಲಿ ಇರುವ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಆ ಗೋಡೆಗೆ ಮುಂದೆ ಯಾವ ಚಿತ್ರ ಬರಬೇಕು, ಅಥವಾ ಯಾವುದೂ ಬರಬಾರದೇ ಎಂಬುದನ್ನು ಆಕೆಯನ್ನೇ ಕೇಳಿ, ಆಕೆ ಹೇಳಿದಂತೆ ನಡೆಯಬೇಕು. ಈ ವಿಷಯದಲ್ಲಿ ನನ್ನ ತಂದೆಯವರ ಮೂಲಕ ಮಾತಾಡಿಸುವುದು ಬೇಡ. ಪ್ರಶ್ನೆ ಕೇಳಿದವಳು ನಾನು, ಉತ್ತರ ಸಲ್ಲಬೇಕಾದದ್ದು ಆಕೆಗೆ. ತಾವು ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಎಲ್ಲ ಸದಸ್ಯರ ಎದುರು ಪ್ರಕಟಿಸಬೇಕೆಂದು ಕೋರುತ್ತೇನೆ. ಆ ಸಭೆಗೆ ನಾನು ಕೊಚ್ಚಿಯಿಂದ ಬಂದು ಹಾಜರಿರುತ್ತೇನೆ.